ಅಪ್‌ಡೇಟ್: ಸಪ್ಪೆ ಅನ್ನಿಸಿದ್ದ ಮಸ್ಕಡೆ ಈಗ ರುಚಿಸಿದ್ದು ಯಾಕೆ

ಫ್ರಾನ್ಸಿನ ನಾಂತ್ ಸುತ್ತಲಿನ ಬಿಳಿ ವೈನ್ ಮಸ್ಕಡೆ ಬರೀ ಹುಳಿನೀರಿನ ಹಾಗಿದೆ, ತಪ್ಪು ಎಲ್ಲಿ ಅಂತ ಕೇಳಿದ್ದೆ. ತಪ್ಪು ಎರಡು ಕಡೆ ಇತ್ತು. ಲೇಬಲ್‌ನಲ್ಲಿ ‘ಸ್ಯುರ್ ಲೀ’ ಇರಲಿಲ್ಲ. ಅದಿದ್ದರೆ ವೈನ್ ಚಳಿಗಾಲವಿಡೀ ತಳದ ಸತ್ತ ಯೀಸ್ಟ್ ಮೇಲೆಯೇ ಕೂತಿರುತ್ತದೆ. ಬ್ರೆಡ್ಡಿನ ಪರಿಮಳ, ಬಾಯಿ ತುಂಬುವ ಹದ ಅಲ್ಲಿಂದಲೇ. ಗಷ್ಟು ಬಿಟ್ಟು ನೇರ ಬಾಟಲಿಗೆ ಇಳಿಸುವುದರಿಂದ ಉಳಿದ ಒಂಚೂರು ಇಂಗಾಲದ ಡೈಆಕ್ಸೈಡ್ ನಾಲಿಗೆ ತುದಿಯಲ್ಲಿ ಸಣ್ಣಗೆ ಚುರುಗುಡುತ್ತದೆ. ಇನ್ನೊಂದು, ಫ್ರಿಜ್‌ನ 4 ಡಿಗ್ರಿ. ಅಷ್ಟು ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಹುಳಿಯೊಂದೇ ಮುಂದೆ ಬರುತ್ತದೆ. ಅರ್ಧ ಗಂಟೆ ಹೊರಗಿಟ್ಟು 9–10 ಡಿಗ್ರಿಗೆ ಬಂದಾಗ ನಿಂಬೆಸಿಪ್ಪೆ, ಹಸಿರು ಸೇಬು, ಕೊನೆಗೆ ತುಸು ಉಪ್ಪುಪ್ಪು. ಅಂದಹಾಗೆ, ಹೆಸರು ಕೇಳಿ ಮಸ್ಕಟ್ ಅನ್ನುವ ದ್ರಾಕ್ಷಿಯದು ಅಂದುಕೊಳ್ಳಬೇಡಿ. ಇದರ ದ್ರಾಕ್ಷಿ ಮೆಲನ್ ದ ಬುರ್ಗೋನ್ಯ ಅನ್ನುವ ಬೇರೆಯೇ ತಳಿ.