ಬೆಳ್ಳಿ ಕಾರ್ಡು, ಡೇರಿ ಲೆಕ್ಕ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಜಗಳ ಅಂದರೆ ಒಂದೋ ತೋಟದ ಬೇಲಿಯದು, ಇಲ್ಲ ರಾಜಕೀಯದ್ದು. 2024ರ ಡಿಸೆಂಬರ್ 31ರಂದು ಮಾತ್ರ ವಿಮಾನದ ಪಾಯಿಂಟಿನ ಮೇಲೆ ಆಯಿತು. ಅಡ್ಮಿನ್ ನಾನೇ. ಹೆಸರುಗಳನ್ನೂ ಗುಡ್ ಮಾರ್ನಿಂಗ್ ಹೂಗಳನ್ನೂ ತೆಗೆದು, ಉಳಿದದ್ದನ್ನು ಹಾಗೇ ಹಾಕಿದ್ದೇನೆ.

ಲಂಡನ್ ಅಣ್ಣ: (ಸುದ್ದಿಯ ಲಿಂಕ್) ನೋಡಿ, ಹೊಸ ವರ್ಷದ ಉಡುಗೊರೆ. ಬ್ರಿಟಿಷ್ ಏರ್‌ವೇಸ್‌ನವರು (ಬಿಎ) ನಿನ್ನೆ ಹೇಳಿದ್ದು. ಏಪ್ರಿಲ್ 1ರಿಂದ ಎಷ್ಟು ದೂರ ಹಾರಿದೆ, ಯಾವ ಕ್ಲಾಸಲ್ಲಿ ಕೂತೆ ಅನ್ನೋ ಲೆಕ್ಕ ಹೋಯ್ತು. ಖರ್ಚು ಮಾಡಿದ ಒಂದು ಪೌಂಡಿಗೆ ಒಂದು ಟಿಯರ್ ಪಾಯಿಂಟ್ (ಕಾರ್ಡಿನ ದರ್ಜೆ ಏರೋಕೆ ಬೇಕಾದ ಅಂಕ), ಅದೂ ತೆರಿಗೆ ಕಳೆದು. ಬ್ರಾಂಜ್‌ಗೆ 3,500, ಸಿಲ್ವರ್‌ಗೆ 7,500, ಗೋಲ್ಡ್‌ಗೆ 20,000.

ಚಿಕ್ಕಪ್ಪ: ಗೋಲ್ಡ್ ಅಂದ್ರೆ ಚಿನ್ನ ಕೊಡ್ತಾರೇನೋ

ಲಂಡನ್ ಅಣ್ಣ: ಇಲ್ಲ ಚಿಕ್ಕಪ್ಪ. ಪದೇಪದೇ ಹಾರೋರಿಗೆ ಸವಲತ್ತು ಕೊಡೋ ಕಾರ್ಡು.

ಬ್ಯಾಂಕ್ ಪುಟ್ಟಿ: ಅಪ್ಪಾ, 20,000 ಪೌಂಡ್ ಅಂದ್ರೆ 21 ಲಕ್ಷದ ಮೇಲೆ. ಸಿಲ್ವರ್ರೇ ಎಂಟು ಲಕ್ಷ ಆಗುತ್ತೆ.

ಚಿಕ್ಕಪ್ಪ: ಎಂಟು ಲಕ್ಷಕ್ಕೆ ಎಂಟು ಸೀಮೆ ಹಸು ಬರ್ತವೆ

ಸುಧತ್ತೆ: ನಮಗೆ ಇದ್ಯಾವ ತಾಪತ್ರಯವೂ ಇಲ್ಲಪ್ಪ. 2023ರ ಜೂನ್‌ನಿಂದ ಆಧಾರ್ ತೋರಿಸಿದ್ರೆ ಬೆಳಗೊಳದಿಂದ ಬೀದರ್‌ವರೆಗೂ ಸರ್ಕಾರಿ ಬಸ್ಸು ಫ್ರೀ. ಬ್ರಾಂಜೂ ಬೇಡ ಬೆಳ್ಳಿಯೂ ಬೇಡ.

ಅತ್ತೆಯ ಈ ಮಾತಿಗೆ ಹನ್ನೊಂದು ಹೆಬ್ಬೆರಳು ಬಿದ್ದವು. ಅಣ್ಣನ ಲಿಂಕಿಗೆ ಒಂದೂ ಇಲ್ಲ. ಅಲ್ಲಿಂದಲೇ ಅವನಿಗೆ ಸಿಟ್ಟು ಏರಿತು ಅಂತ ನನ್ನ ಅನುಮಾನ.

ಲಂಡನ್ ಅಣ್ಣ: ತಮಾಷೆ ಬಿಡಿ. ಇದುವರೆಗೆ ಸಿಲ್ವರ್‌ಗೆ ವರ್ಷಕ್ಕೆ 600 ಪಾಯಿಂಟ್ ಸಾಕಿತ್ತು. ಪ್ರೀಮಿಯಂ ಎಕಾನಮಿಯಲ್ಲಿ ಬೆಂಗಳೂರಿಗೆ ಹೋಗಿಬಂದ್ರೆ 180. ಇನ್ಮೇಲೆ ಅದೇ ಟಿಕೆಟ್ಟಲ್ಲಿ ತೆರಿಗೆ ಕಳೆದು ಸಾವಿರ ಪೌಂಡ್ ಉಳೀತು ಅಂದ್ಕೊಳ್ಳಿ, ಏಳೂವರೆ ಸಲ ಊರಿಗೆ ಬಂದುಹೋಗ್ಬೇಕು.

ಅಮ್ಮ: ಬಾ ಮಗ

ಲಂಡನ್ ಅಣ್ಣ: ಅಮ್ಮಾ, ಅದಲ್ಲ ವಿಷಯ.

ಬ್ಯಾಂಕ್ ಪುಟ್ಟಿ: ಅಣ್ಣ, 180 ಆಯ್ತು. ಮಿಕ್ಕ 420 ಎಲ್ಲಿಂದ ಬರ್ತಿತ್ತು? ನಿನಗೆ ಆಫೀಸ್ ಟ್ರಿಪ್ ಕಮ್ಮಿ ಅಲ್ವಾ?

ಇಲ್ಲಿ ಅಣ್ಣ ಟೈಪಿಂಗ್, ಟೈಪಿಂಗ್ ಅಂತ ಬಹಳ ಹೊತ್ತು ತೋರಿಸಿತು.

ಲಂಡನ್ ಅಣ್ಣ: ಆಫೀಸಿಂದು ಒಂದು ನೂರು. ಎರಡು ಸಲ ಸೋಫಿಯಾಗೆ ಹೋಗಿದ್ದೆ.

ಸುಧತ್ತೆ: ಯಾರೋ ಅದು ಸೋಫಿಯಾ???

ಲಂಡನ್ ಅಣ್ಣ: ಊರು ಅತ್ತೆ! ಬಲ್ಗೇರಿಯಾದ ರಾಜಧಾನಿ. ಬಿಸಿನೆಸ್ ಕ್ಲಾಸಲ್ಲಿ ಹೋಗೋಕೆ 80, ಬರೋಕೆ 80. ಟಿಕೆಟ್ ಅಗ್ಗ, ಪಾಯಿಂಟ್ ಜಾಸ್ತಿ. ಇಲ್ಲಿ ಎಲ್ಲಾರೂ ಮಾಡ್ತಾರೆ, ಟಿಯರ್ ಪಾಯಿಂಟ್ ರನ್ ಅಂತಲೇ ಹೆಸರು.

ಚಿಕ್ಕಪ್ಪ: ಅಲ್ಲೇನ್ ಕೆಲಸ ಇತ್ತು

ಲಂಡನ್ ಅಣ್ಣ: ಕೆಲಸ ಏನಿಲ್ಲ. ಶನಿವಾರ ಹೋಗಿ ಭಾನುವಾರ ಬಂದೆ.

ಚಿಕ್ಕಪ್ಪ ಮೂವತ್ತು ವರ್ಷ ಊರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು. ಅವರ ಮುಂದಿನ ಸಂದೇಶವನ್ನು ಒಂದಕ್ಷರ ತಿದ್ದದೆ ಕೊಡುತ್ತೇನೆ (ಡಿಗ್ರಿ ಅಂದರೆ ಹಾಲಿನ ಸಾಂದ್ರತೆ, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ).

ಚಿಕ್ಕಪ್ಪ: ಹಂಗಾದ್ರೆ ಅವರು ಮಾಡಿದ್ದು ಸರಿ ಕಣೋ. ಡೇರಿಲಿ ಬರೀ ಲೀಟರ್ ನೋಡಿ ಬಟವಾಡೆ ಮಾಡಿದ್ರೆ ಏನಾಗುತ್ತೆ ಹೇಳು, ಕ್ಯಾನ್ ತುಂಬಾ ಬರುತ್ತೆ, ಅರ್ಧ ಬಾವಿ ನೀರು. ಅದಕ್ಕೇ ಡಿಗ್ರಿ ನೋಡೋದು, ಫ್ಯಾಟು ಎಸ್‌ಎನ್‌ಎಫ್ ನೋಡಿ ರೇಟು ಹಾಕೋದು. ನಿನ್ನ ಸೋಫಿಯಾ ಬಾವಿ ನೀರು.

ಇದಕ್ಕೆ ಹದಿನಾಲ್ಕು ಹೆಬ್ಬೆರಳು. ಸುಧತ್ತೆಯ ದಾಖಲೆ ಮುರಿಯಿತು.

ಲಂಡನ್ ಅಣ್ಣ: ಚಿಕ್ಕಪ್ಪ, ನೀರು ಬೆರೆಸಬಹುದು ಅಂತ ನಿಯಮ ಬರೆದವರು ಅವರೇ. ಟಿಕೆಟ್ ಮಾರಿದವರೂ ಅವರೇ. ನಾನು ದುಡ್ಡು ಕೊಟ್ಟೇ ಹೋಗಿದ್ದು.

ನನಗೆ ಅಣ್ಣನ ಮಾತು ಸರಿ ಅನ್ನಿಸಿತು. ಬರೆಯಲಿಲ್ಲ, ಅಡ್ಮಿನ್ ಆದವನಿಗೆ ಒಂದು ಗಾಂಭೀರ್ಯ ಬೇಕು.

ಸಂಜೆ ಆರಕ್ಕೆ ಅಟ್ಲಾಂಟದಲ್ಲಿ ಬೆಳಗಾಯಿತು.

ಅಟ್ಲಾಂಟ ಭಾವ: ಈಗ ಎದ್ದೆ. ಇದೇ ಸಿನಿಮಾ ನಾವು ಮುಂಚೆನೇ ನೋಡಿದೀವಿ. 2023ರ ಸೆಪ್ಟೆಂಬರಲ್ಲಿ ಇಲ್ಲಿಯ ಡೆಲ್ಟಾ ಏರ್‌ಲೈನ್ಸ್‌ನವರು ಹೀಗೇ ಎಲ್ಲಾ ಖರ್ಚಿನ ಲೆಕ್ಕ ಅಂದ್ರು, ಅವರ ಮೇಲ್ದರ್ಜೆಯ ಡೈಮಂಡ್ ಕಾರ್ಡಿಗೆ 35,000 ಡಾಲರ್ ಅಂದ್ರು. ಜನ ಹಿಡಿದು ಬೈದ್ರು. ಅದೇ ತಿಂಗಳು ಸಿಇಒ ಎಡ್ ಬಾಸ್ಟಿಯನ್ ಇದೇ ಊರಿನ ರೋಟರಿ ಸಭೆಯಲ್ಲಿ ಸ್ವಲ್ಪ ಅತಿಯಾಯ್ತು ಅಂತ ಒಪ್ಕೊಂಡ್ರು. ಅಕ್ಟೋಬರಲ್ಲಿ 28,000ಕ್ಕೆ ಇಳಿಸಿದ್ರು.

ಲಂಡನ್ ಅಣ್ಣ: ನೋಡಿದ್ರಾ! ಬೈದ್ರೆ ಬಗ್ಗುತ್ತಾರೆ.

ಅಟ್ಲಾಂಟ ಭಾವ: ಇಳಿಸಿದ್ದು ಅಂಕಿ ಮಾತ್ರ. ಖರ್ಚಿನ ಲೆಕ್ಕ ಹಾಗೇ ಉಳೀತು. ಮೊದಲು ಜಾಸ್ತಿ ಹೇಳಿ ಆಮೇಲೆ ಇಳಿಸೋದು ಚಿಕ್ಕಪೇಟೆ ಸೀರೆ ಅಂಗಡೀಲೂ ಉಂಟು.

ಬ್ಯಾಂಕ್ ಪುಟ್ಟಿ: ಭಾವ, ಅಸಲು ವ್ಯಾಪಾರ ನಿಮ್ಮ ಟಿಕೆಟ್ಟಲ್ಲ. ಅವರು ಪಾಯಿಂಟ್‌ಗಳನ್ನ ನಮ್ಮಂಥ ಬ್ಯಾಂಕಿಗೆ ಮಾರ್ತಾರೆ, ನಾವು ಕ್ರೆಡಿಟ್ ಕಾರ್ಡಿಗೆ ಅಂಟಿಸಿ ನಿಮಗೆ ಕೊಡ್ತೀವಿ. 2020ರಲ್ಲಿ ಕೊರೊನಾದಲ್ಲಿ ಯುನೈಟೆಡ್ ಏರ್‌ಲೈನ್ಸ್‌ನವರು ಸಾಲಕ್ಕೆ ಅಡ ಇಟ್ಟಿದ್ದು ಏನು ಗೊತ್ತಾ? ತಮ್ಮ ಪಾಯಿಂಟ್ ಯೋಜನೆಯನ್ನೇ. ಅದರ ಬೆಲೆ ಸುಮಾರು 2,200 ಕೋಟಿ ಡಾಲರ್ ಅಂತ ಅವರೇ ಕಟ್ಟಿದ್ರು. ಆಗ ಷೇರುಪೇಟೆಯಲ್ಲಿ ಇಡೀ ಕಂಪನಿಗೇ ಅಷ್ಟು ಬೆಲೆ ಇರಲಿಲ್ಲ.

ಚಿಕ್ಕಪ್ಪ: ಹಸುಗಿಂತ ಅದರ ಕೊರಳ ಗಂಟೆಗೆ ರೇಟು ಜಾಸ್ತಿ ಅನ್ನು

ಅಟ್ಲಾಂಟ ಭಾವ: ಒಟ್ಟಲ್ಲಿ ಇದು 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನವರು ಮೈಲಿ ಲೆಕ್ಕ ಶುರುಮಾಡಿದ ಕಾಲದ ಯೋಜನೆ ಅಲ್ಲ. ವ್ಯವಹಾರ. ವಾರವಾರ ಪೂರ್ತಿ ದರ ಕೊಟ್ಟು ಹಾರೋನನ್ನ ಉಳಿಸ್ಕೋತಾರೆ, ವರ್ಷಕ್ಕೊಂದು ಸಲ ರಿಯಾಯಿತಿ ಟಿಕೆಟ್ ಹುಡುಕೋನನ್ನ ಬಿಡ್ತಾರೆ. ಬೇಜಾರ್ ಮಾಡ್ಕೋಬೇಡ.

ಲಂಡನ್ ಅಣ್ಣ: ನೀವು ಹೇಳ್ತೀರಿ ಭಾವ. ನಿಮ್ಮ ಡೈಮಂಡ್ ಕಾರ್ಡು ಕಂಪನಿ ದುಡ್ಡಲ್ಲಿ ಬಂದದ್ದು. ನನ್ನದು ಸ್ವಂತ ಜೇಬು. ನಿಷ್ಠೆ ಯಾರದ್ದು ಹೇಳಿ?

ಭಾವ ನೋಡಿದರು, ಉತ್ತರ ಬರೆಯಲಿಲ್ಲ. ಗುಂಪಿನಲ್ಲಿ ಎಂದೂ ಬಾಯಿಬಿಡದ ಅಕ್ಕ ಬಂದಳು.

ಅಕ್ಕ: ಕಂಪನಿ ದುಡ್ಡು ಅಂದ್ಯಲ್ಲ. ಈ ಮನೆಯಲ್ಲಿ ಡೈಮಂಡ್ ಅಂದ್ರೆ ಅವರು ವಾರಕ್ಕೆ ನಾಲ್ಕು ರಾತ್ರಿ ಇಲ್ಲ ಅಂತ. ಮಗಳ ಶಾಲೆ ಕಾರ್ಯಕ್ರಮಕ್ಕೆ ಮೂರು ವರ್ಷದಿಂದ ನಾನೊಬ್ಬಳೇ ವಿಡಿಯೋ ತೆಗೀತಿದೀನಿ. ಆ ಕಾರ್ಡು ಬೇಕಾದ್ರೆ ನಿನಗೇ ಕಳಿಸ್ತೀನಿ.

ಇಪ್ಪತ್ತು ನಿಮಿಷ ಯಾರೂ ಬರೆಯಲಿಲ್ಲ. ಸುಧತ್ತೆ ಒಂದು ಹೊಸ ವರ್ಷದ ರಂಗೋಲಿ ಹಾಕಿ, ತಕ್ಷಣ ಅಳಿಸಿದರು.

ಲಂಡನ್ ಅಣ್ಣ: ಸಾರಿ ಅಕ್ಕ. ಸಾರಿ ಭಾವ. ನನಗೆ ಸಿಲ್ವರ್ ಬೇಕಾಗಿದ್ದು ಏರ್‌ಪೋರ್ಟಿನ ಲೌಂಜಲ್ಲಿ ಬಿಟ್ಟಿ ಕುಡಿಯೋಕಲ್ಲ. ಸಿಲ್ವರ್ ಇದ್ರೆ ಜೊತೆಗೆ ಒಬ್ಬರನ್ನ ಒಳಗೆ ಕರ್ಕೊಂಡು ಹೋಗಬಹುದು. ಸೀಟು ಬುಕ್ ಮಾಡುವಾಗಲೇ ದುಡ್ಡಿಲ್ಲದೆ ಆರಿಸ್ಕೋಬಹುದು. ಅಮ್ಮನ ಮಂಡಿಗೆ ಪಕ್ಕದ ಸೀಟೇ ಆಗಬೇಕು.

ಆಮೇಲೆ ಅಮ್ಮನ ಧ್ವನಿ ಸಂದೇಶ ಬಂತು, ಎರಡೂವರೆ ನಿಮಿಷದ್ದು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ನಾನು ಕೇಳಿ ಬರೆದುಕೊಂಡದ್ದು ಇಷ್ಟು:

"ಹೋದ ಸಲ ಬರುವಾಗ ಇವನು ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದ. ಚೆನ್ನಾಗಿತ್ತು ಕಣ್ರೋ. ಮೆತ್ತನೆ ಕುರ್ಚಿ. ಕೈಚೀಲದ ಮೇಲೆ ಕಾಲಿಟ್ಟುಕೊಂಡು ಎರಡು ಗಂಟೆ ಕೂತಿದ್ದೆ. ಒಂದು ಹುಡುಗಿ ನಾನು ಕೇಳದೆ ಎರಡನೇ ಸಲ ಬಿಸಿನೀರು ತಂದುಕೊಟ್ಟಳು, ನನ್ನ ಲೋಟಕ್ಕೇ ಹಾಕಿಸ್ಕೊಂಡೆ. ಅದಕ್ಕೋಸ್ಕರ ಇವನು ಸುಮ್ಮಸುಮ್ಮನೆ ಎಲ್ಲೆಲ್ಲಿಗೋ ಹೋಗಿಬರ್ತಾನೆ ಅಂತ ಗೊತ್ತಿದ್ರೆ ನಾನು ಒಳಗೇ ಹೋಗ್ತಿರಲಿಲ್ಲ."

ಚಿಕ್ಕಪ್ಪ: ಅತ್ತಿಗೆ, ಬಾವಿ ನೀರು ಅಂದದ್ದು ವಾಪಸ್ ತಗೊಂಡೆ

ಅಟ್ಲಾಂಟ ಭಾವ: ಬೆಂಗಳೂರಿಗೆ ನೇರ ವಿಮಾನ ಬಿಎದ್ದೊಂದೇ ಅಲ್ಲ ಈಗ. ವರ್ಜಿನ್ ಅಟ್ಲಾಂಟಿಕ್ 2024ರ ಮಾರ್ಚ್ ಕೊನೆಯಿಂದ ಲಂಡನ್ನಿನ ಹೀಥ್ರೂನಿಂದ ಹಾರ್ತಿದೆ. ಏರ್ ಇಂಡಿಯಾನೂ ಇದೆ. ಕಾರ್ಡಿಗೆ ಕಟ್ಟುಬೀಳಬೇಡ, ದರ ನೋಡಿ ಹೋಗು.

ಲಂಡನ್ ಅಣ್ಣ: ಹೂಂ. ಇನ್ಮೇಲೆ ಬಿಎ ಮುಖ ನೋಡಲ್ಲ.

ಅವತ್ತಿಗೆ ಅಲ್ಲಿಗೆ ಮುಗಿಯಿತು. ಫೆಬ್ರವರಿಯಲ್ಲಿ ಅಣ್ಣ ಮತ್ತೊಂದು ಲಿಂಕ್ ಹಾಕಿದ.

ಲಂಡನ್ ಅಣ್ಣ: ಸ್ವಲ್ಪ ಬಗ್ಗಿದ್ದಾರೆ. ದುಡ್ಡಿನ ಲೆಕ್ಕದ ಜೊತೆಗೆ ಇನ್ನೊಂದು ದಾರಿ ಕೊಟ್ಟಿದ್ದಾರೆ. ವರ್ಷಕ್ಕೆ ಅವರ 25 ವಿಮಾನ ಹತ್ತಿದ್ರೆ ಬ್ರಾಂಜ್, 50 ಹತ್ತಿದ್ರೆ ಸಿಲ್ವರ್. ಗೋಲ್ಡ್‌ಗೆ ಆ ದಾರಿ ಇಲ್ಲ.

ಚಿಕ್ಕಪ್ಪ: ಫ್ಯಾಟಿನ ರೇಟಿನ ಮೇಲೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತಲ್ಲ, ಹಂಗೆ

ಅಕ್ಕ: 50 ಸಲ ಹತ್ತಿ ಇಳಿಯೋ ಯೋಚನೆ ಮಾಡಿದ್ರೆ ನಿನ್ನ ಹೆಂಡತಿಗೆ ನಾನೇ ಫೋನ್ ಮಾಡ್ತೀನಿ.

ಲಂಡನ್ ಅಣ್ಣ: ಇಲ್ಲಮ್ಮ ತಾಯಿ. ಅಮ್ಮಂಗೆ ಜೂನ್ ಟಿಕೆಟ್ ಮಾಡ್ದೆ. ಸೀಟಿಗೆ ಬೇರೆ ದುಡ್ಡು ಕೊಟ್ಟು ಪಕ್ಕದ್ದೇ ತಗೊಂಡಿದೀನಿ.

ಬ್ಯಾಂಕ್ ಪುಟ್ಟಿ: ಯಾವ ಏರ್‌ಲೈನ್ ಅಣ್ಣ?

ಲಂಡನ್ ಅಣ್ಣ: ಬಿಎ. ಅವತ್ತು ಅದೇ ಅಗ್ಗ ಇತ್ತು.

ಅಮ್ಮ: ಲೋಟ ತಗೊಂಡು ಹೋಗ್ಲೋ ಬೇಡ್ವೋ