‘ಉತ್ತರಾಧಿಕಾರ’ವೋ ‘ಮನೆವಾರ್ತೆ’ಯೋ: ಸಭೆಯ ಮುಂದಿನ ಏರ್ಪಾಡಿಗೆ ತಕ್ಕ ಪದ ಯಾವುದು?

ಮಾನ್ಯರೇ,

ಕ್ರೈಸ್ತ ಸಭೆಗಳ ಹಿರಿಯರಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈಗಿನ ಸಭಾಪಾಲಕರು ನಿವೃತ್ತರಾಗುವ ಮೊದಲೇ ಮುಂದಿನವರನ್ನು ಗುರುತಿಸಿ ಅಣಿಗೊಳಿಸುವುದು, ಸಭೆಯ ಖರ್ಚುವೆಚ್ಚ ಮುಂದೆಯೂ ನಡೆದುಕೊಂಡು ಹೋಗುವಂತೆ ಹಣದ ಏರ್ಪಾಡು ಮಾಡುವುದು, ಇವೆರಡೇ ಅದರ ವಿಷಯ. ಮೊದಲನೆಯದನ್ನು ಇಂಗ್ಲಿಷಿನಲ್ಲಿ ‘ಸಕ್ಸೆಶನ್ ಪ್ಲಾನಿಂಗ್’ ಎನ್ನುತ್ತಾರೆ. ‘ಉತ್ತರಾಧಿಕಾರ ಯೋಜನೆ’ ಎಂದು ಬರೆದೆ. ಆದರೆ ಮನಸ್ಸು ಒಪ್ಪಲಿಲ್ಲ.

‘ಉತ್ತರಾಧಿಕಾರಿ’ ಎಂದೊಡನೆ ಸಿಂಹಾಸನವೋ ಪೀಠವೋ ಕಣ್ಣಿಗೆ ಕಟ್ಟುತ್ತದೆ; ‘ವಾರಸುದಾರ’ ಎಂದರಂತೂ ಆಸ್ತಿ ಮತ್ತು ರಕ್ತಸಂಬಂಧವೇ ಮುಂದೆ ಬರುತ್ತವೆ. ಧರ್ಮಾಧ್ಯಕ್ಷರನ್ನು (ಬಿಷಪ್ಪರನ್ನು) ಪ್ರೇಷಿತರ, ಅಂದರೆ ಯೇಸುವಿನ ಅಪೊಸ್ತಲರ, ಉತ್ತರಾಧಿಕಾರಿಗಳು ಎನ್ನುವ ಕಥೋಲಿಕ ಬಳಕೆಯಲ್ಲಿ ಆ ಪದ ಹೊಂದುತ್ತದೆ, ಅದನ್ನು ಪ್ರಶ್ನಿಸುತ್ತಿಲ್ಲ. ಆದರೆ ಬೈಬಲಿನ ಅರಣ್ಯಕಾಂಡದ 27ನೆಯ ಅಧ್ಯಾಯವನ್ನು ನೋಡಿ. ಜನರು ಕುರುಬನಿಲ್ಲದ ಕುರಿಗಳಂತಾಗಬಾರದೆಂದು ಇಸ್ರಾಯೇಲ್ಯರ ನಾಯಕನಾದ ಮೋಶೆ ತಾನು ಬದುಕಿರುವಾಗಲೇ ಬೇಡಿಕೊಳ್ಳುತ್ತಾನೆ. ಅವನಿಗೆ ಗೇರ್ಷೋಮ್, ಎಲೀಯೆಜರ್ ಎಂಬ ಮಕ್ಕಳಿದ್ದರೂ ಇಡೀ ಸಮೂಹದ ಎದುರು ಕೈಯಿಟ್ಟು ನೇಮಿಸುವುದು ನೂನನ ಮಗನಾದ ಯೆಹೋಶುವನನ್ನು. ಇದು ವಾರಸಿಕೆಯಲ್ಲ, ಹೊಣೆಯನ್ನು ಒಪ್ಪಿಸಿಕೊಡುವುದು. ಹಾಗಾಗಿ ಸದ್ಯಕ್ಕೆ ‘ಹೊಣೆಯೊಪ್ಪಿಸುವಿಕೆ’ ಎಂದು ಇಟ್ಟುಕೊಂಡಿದ್ದೇನೆ; ಉದ್ದವಾಯಿತು, ಆದರೆ ಅರ್ಥ ತಪ್ಪುವುದಿಲ್ಲ.

ಹಣದ ವಿಷಯದಲ್ಲಿ ‘ಕಾಣಿಕೆ’, ‘ದಶಮಾಂಶ’ (ಆದಾಯದ ಹತ್ತನೆಯ ಒಂದು ಪಾಲು) ಇವು ಬೇರೂರಿದ ಪದಗಳು. ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವ ನಿಧಿಗೆ ‘ಇಡುಗಂಟು’ ಸಾಕು. ತೊಡಕಿರುವುದು ವರ್ಷದ ಆರಂಭದಲ್ಲಿ ಸದಸ್ಯರು ಇಷ್ಟು ಕೊಡುತ್ತೇವೆಂದು ಬರೆದುಕೊಡುವ ಮೊತ್ತದಲ್ಲಿ. ‘ವಾಗ್ದಾನ’ ಎನ್ನೋಣವೆಂದರೆ ಸಭೆಯಲ್ಲಿ ಆ ಪದ ದೇವರು ಕೊಟ್ಟ ಮಾತಿಗೆ ಮೀಸಲಾಗಿದೆ. ‘ಹರಕೆ’ ಎಂದರೆ ಬೇಡಿಕೆ ಈಡೇರಿದರೆ ತೀರಿಸುವಂಥದ್ದು ಎಂಬ ಷರತ್ತಿನ ಛಾಯೆ ಬರುತ್ತದೆ. ‘ಒಪ್ಪಿತ ಕಾಣಿಕೆ’ ಎನ್ನಬಹುದೇ?

ಇನ್ನು ನನ್ನ ಮುಖ್ಯ ಪ್ರಶ್ನೆ. ಜನರನ್ನೂ ಹಣವನ್ನೂ ತನ್ನದಲ್ಲದ ಸೊತ್ತೆಂದು ತಿಳಿದು ನೋಡಿಕೊಳ್ಳುವ ಕೆಲಸಕ್ಕೆ ಕನ್ನಡ ಬೈಬಲಿನಲ್ಲಿಯೇ ಒಂದು ಪದವಿದೆ. ಲೂಕನ ಸುವಾರ್ತೆಯ 16ನೆಯ ಅಧ್ಯಾಯದ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ಒಡೆಯನ ಆಸ್ತಿಯನ್ನು ನೋಡಿಕೊಳ್ಳುವವನು ‘ಮನೆವಾರ್ತೆಯವನು’. ಗ್ರೀಕಿನ ‘ಒಯ್ಕೊನೊಮೊಸ್’ ಎಂಬುದರಲ್ಲಿ ‘ಒಯ್ಕೊಸ್’ ಎಂದರೆ ಮನೆ, ಉಳಿದ ಭಾಗ ನಿರ್ವಹಣೆಯನ್ನು ಹೇಳುತ್ತದೆ. ‘ವಾರ್ತಾ’ ಎಂಬುದಕ್ಕೂ ಸಂಸ್ಕೃತದಲ್ಲಿ ಜೀವನೋಪಾಯ ಎಂಬ ಹಳೆಯ ಅರ್ಥವಿದೆ. ಕೌಟಿಲ್ಯನು ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ಸೇರಿಸಿ ವಾರ್ತಾ ಎಂದಿದ್ದಾನೆ. ಇದಕ್ಕಿಂತ ಒಪ್ಪುವ ಜೋಡಿ ಸಿಗುವುದು ಕಷ್ಟವೆಂದೇ ನನ್ನ ಎಣಿಕೆ.

ಆದರೆ ಕರಡನ್ನು ಓದಿದ ಯುವಕರೊಬ್ಬರು ‘ಸಭೆಯ ಮನೆವಾರ್ತೆ’ ಎಂಬ ತಲೆಬರಹಕ್ಕೆ ಬೆರಳಿಟ್ಟು, ಇದು ಸಭೆಯವರ ಮನೆಗಳ ಸುದ್ದಿಯ ಪುಟವೇ ಎಂದು ಕೇಳಿದರು. ಅವರ ತಪ್ಪಲ್ಲ, ‘ವಾರ್ತೆ’ ಇಂದು ಸುದ್ದಿಯೇ ಆಗಿಬಿಟ್ಟಿದೆ. ‘ಉಸ್ತುವಾರಿ’ ಎಂದು ಬದಲಿಸಿದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದರಲ್ಲಿ ಮೇಲ್ವಿಚಾರಣೆಯಿದೆಯೇ ಹೊರತು ಒಡೆಯನಿಗೆ ಲೆಕ್ಕ ಒಪ್ಪಿಸುವ ಭಾವವಿಲ್ಲ.

ಸಂಸಾರ ನಿರ್ವಹಣೆ ಎಂಬ ಅರ್ಥದಲ್ಲಿ ‘ಮನೆವಾರ್ತೆ’ ನಿಮ್ಮ ಮಾತಿನಲ್ಲಿ ಈಗಲೂ ಇದೆಯೇ, ಇದ್ದರೆ ಯಾವ ವಾಕ್ಯದಲ್ಲಿ ಬರುತ್ತದೆ ಎಂದು ದಯವಿಟ್ಟು ತಿಳಿಸಿ.