‘ಗೋ’ ಕ್ರಿಯಾಪದಕ್ಕೆ ‘ವೆಂಟ್’ ಎಲ್ಲಿಂದ ಬಂತು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ. ವಿರಾಜಪೇಟೆಯಿಂದ ನಮ್ಮ ತಮ್ಮನ ಮಗಳು ಬೆಳಿಗ್ಗೆ ಒಂದು ಪ್ರಶ್ನೆ ಹಾಕಿದ್ದಾಳೆ. ಅವಳ ಮಗ ‘ಗೋ’ ಕ್ರಿಯಾಪದದ ಭೂತಕಾಲವನ್ನು ‘ಗೋಡ್’ ಎಂದು ಬರೆದು ಅಂಕ ಕಳೆದುಕೊಂಡನಂತೆ. ‘ವೆಂಟ್’ ಯಾಕೆ ಎಂದು ಕೇಳಿದರೆ ಏನು ಹೇಳಲಿ ಅತ್ತೆ, ಎಂದಿದ್ದಾಳೆ.

ಮಗಳೇ, ಮೊದಲು ಅವನನ್ನು ಗದರಬೇಡ. ‘ಪ್ಲೇ’ ಎಂಬುದು ‘ಪ್ಲೇಡ್’ ಆಗುವ ನಿಯಮವನ್ನೇ ಅವನು ಇಲ್ಲಿಗೂ ಅನ್ವಯಿಸಿದ್ದಾನೆ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಮಾತು ಕಲಿಯುವಾಗ ಹೀಗೆಯೇ ಹೇಳುತ್ತಾರೆ.

‘ವೆಂಟ್’ ಮೂಲದಲ್ಲಿ ‘ಗೋ’ ಮನೆಯ ಕೂಸಲ್ಲ, ದತ್ತು ಬಂದದ್ದು. ತಿರುಗು, ಸಾಗು ಎಂಬ ಅರ್ಥದ ‘ವೆಂಡ್’ ಎಂಬ ಬೇರೊಂದು ಕ್ರಿಯಾಪದವಿತ್ತು. ‘ಸೆಂಡ್’ ಹೇಗೆ ‘ಸೆಂಟ್’ ಆಗುತ್ತದೆಯೋ, ‘ಸ್ಪೆಂಡ್’ ಹೇಗೆ ‘ಸ್ಪೆಂಟ್’ ಆಗುತ್ತದೆಯೋ, ಹಾಗೆಯೇ ‘ವೆಂಡ್’ ಎಂಬುದರ ಭೂತಕಾಲ ‘ವೆಂಟ್’. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಗೋ’ ಎಂಬುದಕ್ಕೆ ‘ಏಓಡೆ’ ಎಂಬ ಭೂತಕಾಲ ರೂಪವಿತ್ತು, ಅದೂ ಬೇರೆ ಬೇರಿನದೇ. ಅದು ಬಳಕೆ ತಪ್ಪುತ್ತ ಬಂದಂತೆ ‘ವೆಂಟ್’ ಆ ಜಾಗಕ್ಕೆ ಬಂದು, 15ನೇ ಶತಮಾನದ ಹೊತ್ತಿಗೆ ಗಟ್ಟಿಯಾಗಿ ನೆಲೆಯೂರಿತು. ಇತ್ತ ‘ವೆಂಡ್’ ತನ್ನ ರೂಪವನ್ನು ಬಿಟ್ಟುಕೊಟ್ಟು ‘ವೆಂಡೆಡ್’ ಎಂಬ ಹೊಸದನ್ನು ಮಾಡಿಕೊಂಡಿತು. ಸ್ಕಾಟ್ಲೆಂಡಿನ ಕಡೆ ಮಾತ್ರ ‘ಗೋ’ ಬೇರಿನಿಂದಲೇ ‘ಗೇಡ್’ ಎಂಬ ಭೂತಕಾಲ ಹುಟ್ಟಿತು. ನಿಮ್ಮ ಹುಡುಗ ಬರೆದದ್ದಕ್ಕೆ ಅದು ಎಷ್ಟು ಹತ್ತಿರವಾಗಿದೆ ನೋಡು!

ನಮ್ಮ ಹೋಗು, ಹೋದ, ಹೋಯಿತು ಎಂಬುವಕ್ಕೆ ಬೇರು ಒಂದೇ. ಹಳಗನ್ನಡದ ‘ಪೋಗು’ ಪಕಾರ ಕಳೆದುಕೊಂಡು ‘ಹೋಗು’ ಆಯಿತು. ನಿಮ್ಮ ಪಕ್ಕದ ಮನೆಯ ಕೊಡವ ಅಜ್ಜಿ ‘ಪೋ’ ಎನ್ನುವಾಗ ಆ ಹಳೆಯ ಪಕಾರ ಇಂದಿಗೂ ಕಿವಿಗೆ ಬೀಳುತ್ತದೆ. ಅದನ್ನೂ ಅವನಿಗೆ ಹೇಳು.

ಅರ್ಥಗಳ ವಿಷಯದಲ್ಲಿ ಅವನಿಗೆ ಹೆಚ್ಚು ಕಷ್ಟವಾಗದು. ಈ ದಾರಿ ಭಾಗಮಂಡಲಕ್ಕೆ ಹೋಗುತ್ತದೆ ಎಂದು ನಾವು ಹೇಳುವಂತೆ ಅವರೂ ದಾರಿಗೆ ‘ಗೋಸ್’ ಎನ್ನುತ್ತಾರೆ, ಹಾಲು ಕೆಟ್ಟುಹೋಯಿತು ಎನ್ನಲು ‘ವೆಂಟ್ ಬ್ಯಾಡ್’ ಎನ್ನುತ್ತಾರೆ. ಆದರೆ ಪಂದಿಕರಿಗೆ ಕಡಂಬುಟ್ಟು ಒಪ್ಪುತ್ತದೆ ಎನ್ನುವಲ್ಲಿ ಅವರು ‘ಗೋಸ್ ವಿತ್’ ಎಂದರೆ, ನಾವು ಹೋಗು ಎಂಬುದನ್ನು ಅಲ್ಲಿಗೆ ತರುವುದಿಲ್ಲ. ಮಳೆ ಬರುವ ಹಾಗಿದೆ ಎನ್ನಲು ‘ಗೋಯಿಂಗ್ ಟು’ ಬಳಸುವುದೂ ಇದೇ ಕ್ರಿಯಾಪದದಿಂದ. ಏನನ್ನಾದರೂ ಮಾಡಲು ಹೊರಟಿದ್ದೇನೆ ಎಂಬ ಮಾತೇ ನಿಧಾನವಾಗಿ ಮುಂದಾಗಲಿರುವುದನ್ನು ಹೇಳುವ ರೂಪವಾಯಿತು.

ನಮ್ಮವರು ನಿಜವಾಗಿ ಎಡವುವುದು ‘ಹ್ಯಾಸ್ ಗಾನ್’ ಮತ್ತು ‘ಹ್ಯಾಸ್ ಬೀನ್’ ನಡುವೆ. ಅವನ ಅಪ್ಪ ಕುಶಾಲನಗರಕ್ಕೆ ಹೋಗಿದ್ದು ಇನ್ನೂ ಮನೆ ಸೇರಿಲ್ಲವಾದರೆ ‘ಹ್ಯಾಸ್ ಗಾನ್’ ಎನ್ನಬೇಕು. ಹೋಗಿ ಬಂದಿದ್ದರೆ ‘ಹ್ಯಾಸ್ ಬೀನ್’ ಎನ್ನಬೇಕು. ಮನೆಯ ಜಗಲಿಯಲ್ಲೇ ಕುಳಿತು ‘ಐ ಹ್ಯಾವ್ ಗಾನ್ ಟು ಮೈಸೂರು’ ಎಂದರೆ ಹೊಂದುವುದಿಲ್ಲ. ಹೋಗಿ ಬಂದಿದ್ದಾರೆ ಎಂದು ಕನ್ನಡದಲ್ಲಿ ಹೇಳಿ ನೋಡಿಕೊಂಡು, ‘ಬಂದಿದ್ದಾರೆ’ ಸೇರುವ ಕಡೆಯೆಲ್ಲ ‘ಬೀನ್’ ಬರೆಯಲು ಅವನಿಗೆ ತಿಳಿಸು. ಇನ್ನೇನಾದರೂ ಕೇಳಿದರೆ ಸಂಜೆ ಫೋನನ್ನು ಅವನ ಕೈಗೇ ಕೊಡು, ನಾನು ಮಾತಾಡುತ್ತೇನೆ.